ಹೈಡ್‌ನ ಉಪ್ಪು, ಚಿಕ್ಕವ್ವನ ಸಹಿ

ಕಳೆದ ಮಳೆಗಾಲದಲ್ಲಿ ನಮ್ಮ ಚಿಕ್ಕವ್ವನನ್ನು ಕರೆದುಕೊಂಡು ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಆಕೆಗೆ ಹನ್ನೆರಡು ವರ್ಷಗಳಿಂದ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ, ರೊಟ್ಟಿ ಬಡಿಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ತೆಗೆದುಕೊಳ್ಳುತ್ತಿದ್ದ ಗುಳಿಗೆಗಳು ಮೊದಲಿನಂತೆ ನಾಟುತ್ತಿರಲಿಲ್ಲ. ಹೊಸ ಇಂಜೆಕ್ಷನ್ನೊಂದರ ಕ್ಲಿನಿಕಲ್ ಟ್ರಯಲ್ ನಡೆಯುತ್ತಿದೆ, ಮನಸ್ಸಿದ್ದರೆ ಸೇರಬಹುದು ಎಂದು ವೈದ್ಯರು ಹೇಳಿ, ಹದಿನಾರು ಪುಟದ ಒಪ್ಪಿಗೆ ಪತ್ರವನ್ನು ಕೈಗಿಟ್ಟರು. ಮನೆಗೆ ಒಯ್ದು ಓದಿ, ಅವಸರವಿಲ್ಲ ಎಂದರು.

ಅಂದು ರಾತ್ರಿ ನಾನು ಗಟ್ಟಿಯಾಗಿ ಓದುತ್ತ ಹೋದೆ, ಚಿಕ್ಕವ್ವ ಗೋಡೆಗೆ ಒರಗಿ ಕೇಳುತ್ತಿದ್ದಳು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಇಬ್ಬರೂ ಸುಸ್ತು. ‘ಯಾದೃಚ್ಛೀಕರಣದ ಮೂಲಕ ನಿಮ್ಮನ್ನು ಎರಡು ಅಧ್ಯಯನ ಭುಜಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು’ ಎಂಬ ವಾಕ್ಯವನ್ನು ನಾನು ಮೂರು ಸಲ ಓದಿದೆ. “ಭುಜ ಅಂದ್ರ ಈ ತ್ವಾಳೇನು? ನಂಗ ನೋವಿರೂದು ಬೆರಳಾಗ” ಎಂದಳು ಚಿಕ್ಕವ್ವ. ಯಾರಿಗೆ ಹೊಸ ಔಷಧ, ಯಾರಿಗೆ ಹಳೆಯದು ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತಾರೆ ಎಂದಷ್ಟೇ ಆ ವಾಕ್ಯದ ಅರ್ಥ. ಹಾಗೆ ಬಿಡಿಸಿ ಹೇಳಿದ ತಕ್ಷಣ ಆಕೆಗೆ ತಿಳಿಯಿತು.

ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ ಕೇಳಿದ್ದು ಬೇರೆಯೇ ಪ್ರಶ್ನೆ. “ತಮ್ಮಾ, ಇದನ್ನ ತಗೊಂಡ ಮ್ಯಾಲ ನಾ ಬ್ಯಾರೆ ಏನರ ಆಗಿಬಿಟ್ರ?” ಟೀವಿಯಲ್ಲಿ ಒಂದು ಡಬ್ಬಿಂಗ್ ಸಿನಿಮಾ ನೋಡಿದ್ದಳಂತೆ. ಒಂದು ಕೈ ಇಲ್ಲದ ವಿಜ್ಞಾನಿ ತಾನೇ ತಯಾರಿಸಿದ ಔಷಧವನ್ನು ಚುಚ್ಚಿಕೊಳ್ಳುತ್ತಾನೆ. ಕೈಯೇನೋ ಚಿಗುರುತ್ತದೆ. ಅದರ ಜೊತೆಗೆ ಮೈತುಂಬ ಹುರುಪೆ ಎದ್ದು, ಬಾಲ ಬೆಳೆದು, ಹಲ್ಲಿಯ ರೂಪ ತಾಳಿ ಊರ ಮೇಲೆ ಬೀಳುತ್ತಾನೆ.

ಆಕೆ ನೋಡಿದ ಪಾತ್ರ ಕರ್ಟ್ ಕಾನರ್ಸ್. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ 1963ರಲ್ಲಿ ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ಗೆ ತಂದ ಖಳ. ಹಲ್ಲಿಗೆ ಬಾಲ ಮತ್ತೆ ಬರುವುದಾದರೆ ಮನುಷ್ಯನಿಗೆ ಕೈ ಯಾಕೆ ಬರಬಾರದು ಎಂಬುದು ಅವನ ಪ್ರಶ್ನೆ. ಅದು ಒಳ್ಳೆಯ ಪ್ರಶ್ನೆಯೇ. ಸಿನಿಮಾದಲ್ಲಿ ನಡೆಯುವಂಥದ್ದು ನಿಜದಲ್ಲಿ ನಡೆಯುವುದಿಲ್ಲ ಎಂದು ಹೇಳಿ ಚಿಕ್ಕವ್ವನ ಭಯವನ್ನು ತಳ್ಳಿಹಾಕಬಹುದಿತ್ತು. ಆದರೆ ಪ್ರಯೋಗದ ಔಷಧ ಎಂದರೆ ಜನ ಹಿಂಜರಿಯುವುದಕ್ಕೆ ಇಂಥ ಕಥೆಗಳೂ ಒಂದು ಕಾರಣ, ಮತ್ತು ಆ ಭಯ ಪೂರ್ತಿ ಸುಳ್ಳೂ ಅಲ್ಲ. ಅದು ಎಲ್ಲಿ ನಿಜ, ಎಲ್ಲಿ ದಾರಿ ತಪ್ಪಿಸುತ್ತದೆ ಎಂದು ತಿಳಿಯಬೇಕಾದರೆ ಇಂಥ ಪಾತ್ರಗಳ ಮೂಲಪುರುಷನ ಹತ್ತಿರ ಹೋಗಬೇಕು.

ಅವನು ಡಾಕ್ಟರ್ ಹೆನ್ರಿ ಜೆಕಿಲ್. ರಾಬರ್ಟ್ ಲೂಯಿ ಸ್ಟೀವನ್ಸನ್ 1886ರ ಜನವರಿಯಲ್ಲಿ ಪ್ರಕಟಿಸಿದ ಕಿರು ಕಾದಂಬರಿಯ ನಾಯಕ. ಅವನ ಹೆಸರು ನಮಗೆ ಗೊತ್ತಿರುವುದು ಗಾದೆಯ ರೂಪದಲ್ಲಿ. ಒಳಗೊಂದು ಹೊರಗೊಂದು ಇರುವವರನ್ನು ‘ಜೆಕಿಲ್ ಮತ್ತು ಹೈಡ್’ ಎನ್ನುತ್ತೇವೆ. ತಾನೇ ತಯಾರಿಸಿದ ಔಷಧ ಕುಡಿದು ಜೆಕಿಲ್ ತಾಳುವ ಕೇಡಿನ ರೂಪವೇ ಹೈಡ್. ಹೀಗಾಗಿ ಆ ಕಥೆ ಮನುಷ್ಯನೊಳಗಿನ ಒಳಿತು ಕೆಡುಕುಗಳದ್ದು ಎಂದೇ ಓದುತ್ತ ಬಂದಿದ್ದೇವೆ. ಅದನ್ನು ಒಂದು ಔಷಧ ಪ್ರಯೋಗದ ವರದಿ ಎಂದುಕೊಂಡು ಓದಿ ನೋಡಿ, ಬೇರೆಯೇ ಕಾಣುತ್ತದೆ. ಪ್ರಯೋಗಕ್ಕೆ ಸೇರುವವರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವ ಸಮಿತಿಗೆ ಎಥಿಕ್ಸ್ ಕಮಿಟಿ ಎನ್ನುತ್ತಾರೆ. ಇವತ್ತು ಅಂಥ ಯಾವುದೇ ಕಮಿಟಿ ಗುರುತು ಹಾಕುವ ತಪ್ಪುಗಳೆಲ್ಲ ಸಾಲಾಗಿ ಅಲ್ಲಿವೆ.

ಜೆಕಿಲ್ ತನ್ನ ಔಷಧವನ್ನು ಮೊದಲು ಕುಡಿಯುವುದು ರಾತ್ರಿ, ಒಬ್ಬನೇ, ಬಾಗಿಲು ಹಾಕಿಕೊಂಡು. ಜೀವಕ್ಕೆ ಅಪಾಯವಿದೆ ಎಂದು ಅವನಿಗೆ ಗೊತ್ತು. ಕುಡಿದ ಮೇಲೆ ಮೂಳೆ ಅರೆದಂಥ ನೋವು, ವಾಕರಿಕೆ, ಆಮೇಲೆ ಹಗುರಾದಂತೆ, ಹರೆಯ ಮರಳಿದಂತೆ ಅನುಭವ. ಹಿತವಾಯಿತೆಂಬ ಒಂದೇ ಕಾರಣಕ್ಕೆ ಮುಂದುವರಿಯುತ್ತಾನೆ. ನೋಡುವ ಎರಡನೇ ಕಣ್ಣಿಲ್ಲ, ನಿಲ್ಲಿಸು ಎನ್ನುವ ಎರಡನೇ ಬಾಯಿಲ್ಲ. ದಿನ ಕಳೆದಂತೆ ಒಂದು ಪಾಲು ಸಾಲದೆ ಎರಡು ಪಾಲು ಬೇಕಾಗುತ್ತದೆ, ಒಮ್ಮೆ ಸಾವಿಗೂ ಹೆದರದೆ ಮೂರು ಪಾಲು ಕುಡಿಯುತ್ತಾನೆ. ಒಂದು ಬೆಳಿಗ್ಗೆ ಔಷಧ ಮುಟ್ಟದೆಯೇ ಎಚ್ಚರವಾದಾಗ ಹಾಸಿಗೆಯ ಮೇಲೆ ತನ್ನ ಕೈಯ ಜಾಗದಲ್ಲಿ ಹೈಡ್‌ನ ಕೈ ಕಾಣಿಸುತ್ತದೆ: ಬಡಕಲು, ನರ ಉಬ್ಬಿದ, ಗೆಣ್ಣು ಎದ್ದ, ಕೂದಲು ಮುತ್ತಿದ ಕೈ. ಚಿಕ್ಕವ್ವನ ಪಕ್ಕ ಕೂತು ಆಕೆಯ ಗಂಟುಗಟ್ಟಿದ ಬೆರಳುಗಳನ್ನು ನೋಡುತ್ತ ಈ ಸಾಲುಗಳು ನೆನಪಾದಾಗ ನನಗೆ ಮೈ ಜುಮ್ಮೆಂದಿತು.

ಕಥೆಯ ನಿಜವಾದ ತಿರುಳು ಇರುವುದು ಒಂದು ಉಪ್ಪಿನಲ್ಲಿ. ಔಷಧಕ್ಕೆ ಬೇಕಾದ ವಿಶೇಷ ಲವಣವೊಂದನ್ನು ಜೆಕಿಲ್ ಸಗಟು ವ್ಯಾಪಾರಿಗಳಿಂದ ದೊಡ್ಡ ಪ್ರಮಾಣದಲ್ಲಿ ತರಿಸಿಟ್ಟಿರುತ್ತಾನೆ. ಅದು ಮುಗಿದು ಹೊಸದನ್ನು ತರಿಸಿ ಕಲಸಿದಾಗ ಕೆಲಸ ಮಾಡುವುದಿಲ್ಲ. ಮನೆಯ ಆಳು ಪೂಲ್ ಲಂಡನ್ನಿನ ಔಷಧ ಅಂಗಡಿಗಳನ್ನೆಲ್ಲ ಸುತ್ತುತ್ತಾನೆ. ಹಳೆಯ ದಾಸ್ತಾನಿನಲ್ಲಿ ಚೂರು ಉಳಿದಿದ್ದರೂ ಕಳಿಸಿ, ದುಡ್ಡು ಎಷ್ಟಾದರೂ ಆಗಲಿ ಎಂದು ಜೆಕಿಲ್ ಅಂಗಲಾಚಿ ಚೀಟಿ ಬರೆಯುತ್ತಾನೆ. ಕೊನೆಗೆ ಅವನಿಗೆ ಹೊಳೆಯುವುದು ಇಷ್ಟು: ಕೆಟ್ಟಿದ್ದು ಹೊಸ ಉಪ್ಪಲ್ಲ, ಮೊದಲಿನ ಉಪ್ಪೇ ಕಲಬೆರಕೆಯದು, ಆ ಗೊತ್ತಿಲ್ಲದ ಕಲಬೆರಕೆಯೇ ಔಷಧಕ್ಕೆ ಶಕ್ತಿ ಕೊಟ್ಟಿತ್ತು. ಅಂದರೆ ಇಷ್ಟು ದಿನ ತಾನು ಕುಡಿದದ್ದು ಏನೆಂದು ಕುಡಿದವನಿಗೇ ತಿಳಿದಿರಲಿಲ್ಲ.

ಔಷಧ ಲೋಕದಲ್ಲಿ ಇದಕ್ಕಿಂತ ದಿಗಿಲು ಹುಟ್ಟಿಸುವ ಮಾತು ಇನ್ನೊಂದಿಲ್ಲ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೊವಾಲ್ ಹಳ್ಳಿಯಲ್ಲಿ 107 ಜನರಿಗೆ ಪ್ಲೇಗ್ ಲಸಿಕೆ ಹಾಕಿದರು. ಅವರಲ್ಲಿ ಒಂದೇ ಒಂದು ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಲಸಿಕೆ ಕಂಡುಹಿಡಿದಿದ್ದ ವಾಲ್ಡೆಮಾರ್ ಹಾಫ್‌ಕಿನ್ ಅವರ ತಲೆಗೆ ಅಪವಾದ ಬಂತು, ಹುದ್ದೆ ಹೋಯಿತು. ಸೀಸೆ ತೆರೆಯುವಾಗ ನೆಲಕ್ಕೆ ಬಿದ್ದ ಇಕ್ಕಳವನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಿದ್ದು ಆಮೇಲೆ ಬೆಳಕಿಗೆ ಬಂದು, 1907ರಲ್ಲಿ ಅವರು ನಿರ್ದೋಷಿ ಎಂದಾಯಿತು. ಲಸಿಕೆಯಲ್ಲಿ ದೋಷವಿರಲಿಲ್ಲ, ಸೀಸೆಯೊಳಗೆ ಸೇರಿಕೊಂಡದ್ದರಲ್ಲಿ ಇತ್ತು. ಇಂದು ಯಾವ ಬ್ಯಾಚಿನ ಔಷಧ ಯಾರಿಗೆ ಹೋಯಿತು ಎಂದು ಟ್ರಯಲ್‌ಗಳಲ್ಲಿ ಸೀಸೆ ಸೀಸೆಗೂ ಲೆಕ್ಕ ಇಡುವುದು ಇದೇ ಕಾರಣಕ್ಕೆ.

ಹಾಫ್‌ಕಿನ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಯಾಕೆಂದರೆ ಅವರು ಜೆಕಿಲ್‌ನ ಒಳ್ಳೆಯ ಮುಖ. 1897ರ ಜನವರಿ 10ರಂದು ಮುಂಬಯಿಯಲ್ಲಿ ಪ್ಲೇಗ್ ಲಸಿಕೆಯನ್ನು ಅವರು ಮೊದಲು ಚುಚ್ಚಿಕೊಂಡದ್ದು ತಮಗೇ. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗ್ ಕಾಡಿದಾಗ ಇಡೀ ಊರಿಗೆ ಆ ಲಸಿಕೆ ಹಾಕಲು ಹೊರಟದ್ದು ಲಸಿಕೆಯ ಚರಿತ್ರೆಯಲ್ಲಿ ದೊಡ್ಡ ಘಟನೆ. ಆದರೆ ತಮ್ಮ ತೋಳು ಮತ್ತು ಹುಬ್ಬಳ್ಳಿಯ ನಡುವೆ ಅವರು ಇಟ್ಟ ಹೆಜ್ಜೆ ಬೈಕುಲಾ ಜೈಲು. ಅಲ್ಲಿನ ಕೈದಿಗಳು ತಾವಾಗಿಯೇ ಮುಂದೆ ಬಂದರು ಎಂದು ದಾಖಲಾಗಿದೆ. ಜೈಲಿನಲ್ಲಿ ಪ್ಲೇಗ್, ಎದುರಿಗೆ ಬಿಳಿಯ ಡಾಕ್ಟರು. ಅಂಥಲ್ಲಿ ಬೇಡ ಎನ್ನಲು ಒಬ್ಬ ಕೈದಿಗೆ ಎಷ್ಟು ಧೈರ್ಯ ಬೇಕಿತ್ತು?

ನನ್ನ ಮಾತಿನ ಗಂಟು ಇರುವುದು ಇಲ್ಲೇ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತೇವೆ. ಜೆಕಿಲ್, ಕಾನರ್ಸ್ ಮತ್ತು ಅವರ ವಂಶದ ಎಲ್ಲ ಪಾತ್ರಗಳು ಈ ಗಾದೆಯ ಒಳಗೇ ಇವೆ. ಔಷಧ ಅರೆದವನೇ ಕುಡಿಯುತ್ತಾನೆ, ಕುಡಿದವನೇ ವಿಕಾರವಾಗುತ್ತಾನೆ, ಕಥೆ ಅಷ್ಟಕ್ಕೆ ನ್ಯಾಯವಾಗಿ ಮುಗಿಯುತ್ತದೆ. ಹೊರಗಿನ ಲೋಕದಲ್ಲಿ ಮಾಡುವವರು ಒಬ್ಬರು, ಉಣ್ಣುವವರು ಇನ್ನೊಬ್ಬರು. ನಮ್ಮ ಭಸ್ಮಾಸುರನ ಕಥೆಗೆ ಇದು ಗೊತ್ತು. ಯಕ್ಷಗಾನದಲ್ಲಿ ಆ ಪ್ರಸಂಗ ನೋಡುವಾಗಲೆಲ್ಲ ನನಗೆ ತಟ್ಟುವುದು ಆ ಗಳಿಗೆ: ವರ ಸಿಕ್ಕ ಕೂಡಲೇ ಅಸುರನಿಗೆ ಅದನ್ನು ಪರೀಕ್ಷಿಸುವ ಆಸೆ. ತನ್ನ ತಲೆಯ ಮೇಲೆ ಕೈ ಇಡುವ ಯೋಚನೆ ಅವನಿಗೆ ಬರುವುದಿಲ್ಲ, ಎದುರಿಗಿದ್ದ ಶಿವನ ತಲೆಯನ್ನೇ ಹುಡುಕುತ್ತಾನೆ.

ಜೆಕಿಲ್ ಕಥೆಯಲ್ಲೂ ಉಂಡವರು ಬೇರೆ ಇದ್ದಾರೆ, ನಾವು ಅವರನ್ನು ಮರೆತಿದ್ದೇವೆ. ಪುಸ್ತಕ ಶುರುವಾಗುವುದೇ ಒಬ್ಬ ಪುಟ್ಟ ಹುಡುಗಿಯಿಂದ. ನಸುಕಿನ ಮೂರು ಗಂಟೆಗೆ ಡಾಕ್ಟರನ್ನು ಕರೆಯಲು ಓಡಿಹೋಗುತ್ತಿದ್ದ ಎಂಟು ಹತ್ತು ವರ್ಷದ ಮಗುವನ್ನು ಹೈಡ್ ತುಳಿದುಕೊಂಡು ಹೋಗುತ್ತಾನೆ. ಸೇರಿದ ಜನ ಅವನನ್ನು ಹಿಡಿದು, ಮಗುವಿನ ಮನೆಯವರಿಗೆ 100 ಪೌಂಡ್ ಪರಿಹಾರ ಕೊಡಿಸುತ್ತಾರೆ. ಹತ್ತು ಪೌಂಡ್ ಚಿನ್ನದ ನಾಣ್ಯ, ಉಳಿದದ್ದಕ್ಕೆ ಚೆಕ್ಕು. ಚೆಕ್ಕಿನ ಮೇಲಿನ ಸಹಿ ಜೆಕಿಲ್‌ನದು. ಮಗುವಿನ ಹೆಸರು ಕಥೆಯಲ್ಲಿ ಎಲ್ಲೂ ಬರುವುದಿಲ್ಲ.

ಈಗ ಕಥೆಯಿಂದ ನಿಜಕ್ಕೆ ಬರೋಣ. ಔಷಧ ಪ್ರಯೋಗದ ಚರಿತ್ರೆಯಲ್ಲಿ ಚಿಕ್ಕವ್ವನ ಭಯಕ್ಕೆ ಅತಿ ಹತ್ತಿರ ಬರುವ ದಿನ 2006ರ ಮಾರ್ಚ್ 13. ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿದ್ದ ಪ್ರಯೋಗ ಘಟಕದಲ್ಲಿ ಎಂಟು ಮಂದಿ ಆರೋಗ್ಯವಂತ ಯುವಕರು ಸಾಲಾಗಿ ಮಲಗಿದ್ದರು. ಒಬ್ಬೊಬ್ಬರಿಗೂ ಸುಮಾರು 2,000 ಪೌಂಡ್ ಸಂಭಾವನೆ. ಜರ್ಮನಿಯ ಟೆಜೆನೆರೊ ಕಂಪನಿಯ ಟಿಜಿಎನ್1412 ಎಂಬ ಔಷಧ ಮನುಷ್ಯರ ಮೈಗೆ ಹೋದದ್ದು ಅಂದೇ ಮೊದಲು. ರಕ್ತದ ಕ್ಯಾನ್ಸರಿನ ಒಂದು ಬಗೆಗೆ ಮತ್ತು ಚಿಕ್ಕವ್ವನಿಗೆ ಇರುವಂಥ ಸಂಧಿವಾತಕ್ಕೆ ಅದು ಮದ್ದಾಗಬಹುದು ಎಂಬ ಭರವಸೆ ಇತ್ತು. ಇಬ್ಬರಿಗೆ ಬರೀ ಉಪ್ಪುನೀರಿನಂಥ ದ್ರವ, ಆರು ಜನರಿಗೆ ನಿಜವಾದ ಔಷಧ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಬಿಟ್ಟ ಅಂತರ ಹತ್ತು ನಿಮಿಷ.

ಒಂದೂವರೆ ಗಂಟೆಯೊಳಗೆ ಆರೂ ಮಂದಿಗೆ ತಲೆನೋವು, ಬೆನ್ನುನೋವು, ಜ್ವರ, ವಾಂತಿ ಹತ್ತಿತು. ಆಮೇಲೆ ಮೈ ಬಾತು, ಒಂದಾದ ಮೇಲೊಂದು ಅಂಗ ಕೆಲಸ ನಿಲ್ಲಿಸತೊಡಗಿ, ಎಲ್ಲರನ್ನೂ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ಅವರಲ್ಲಿ ಒಬ್ಬನ ಗೆಳತಿ ಅವನ ಊದಿದ ಮುಖ ನೋಡಿ ‘ಆನೆ ಮನುಷ್ಯ’ನ ಹಾಗೆ ಕಾಣುತ್ತಿದ್ದಾನೆ ಎಂದಳು, ಪತ್ರಿಕೆಗಳು ಅದನ್ನೇ ತಲೆಬರಹ ಮಾಡಿದವು. ಆರೂ ಜನ ಬದುಕಿದರು. ಒಬ್ಬರು ಕಾಲ್ಬೆರಳುಗಳನ್ನೂ ಕೈಬೆರಳ ತುದಿಗಳನ್ನೂ ಕಳೆದುಕೊಂಡರು.

ಏನಾಯಿತು? ನಮ್ಮ ರಕ್ತದಲ್ಲಿ ಕಾವಲುಗಾರರಂತೆ ಓಡಾಡುವ ಟಿ ಕೋಶಗಳ ಮೇಲೆ ಸಿಡಿ28 ಎಂಬ ಒಂದು ಗುಂಡಿ ಇದೆ. ಮಾಮೂಲಿಯಾಗಿ ಆ ಗುಂಡಿ ಒತ್ತಿದರೆ ಮಾತ್ರ ಸಾಲದು, ಇನ್ನೊಂದು ಸಂಕೇತವೂ ಬೇಕು. ಈ ಔಷಧ ಒಂದೇ ಗುಂಡಿಯಲ್ಲಿ ಕಾವಲು ಪಡೆಯನ್ನೆಲ್ಲ ಎಬ್ಬಿಸುವಂತೆ ರೂಪಿಸಿದ್ದು. ಪಡೆ ಎದ್ದಿತು, ಶತ್ರು ಎಲ್ಲಿದ್ದಾನೆ ಎಂದು ನೋಡದೆ ಸ್ವಂತ ಮೈಯ ಮೇಲೆಯೇ ಬಿತ್ತು. ವೈದ್ಯರು ಇದನ್ನು ಸೈಟೊಕೈನ್ ಬಿರುಗಾಳಿ ಎನ್ನುತ್ತಾರೆ, ಕೋವಿಡ್ ಕಾಲದಲ್ಲಿ ನಾವೆಲ್ಲ ಕೇಳಿದ ಪದ. ಯುವಕರಿಗೆ ಕೊಟ್ಟ ಪ್ರಮಾಣ ಕೋತಿಗಳಲ್ಲಿ ಅಪಾಯವಿಲ್ಲ ಎಂದು ಕಂಡಿದ್ದ ಪ್ರಮಾಣದ 500ರಲ್ಲಿ ಒಂದು ಪಾಲು ಮಾತ್ರ. ಲೆಕ್ಕ ಸರಿಯಾಗಿತ್ತು. ಆದರೆ ಆ ಕೋತಿಗಳ ಅನುಭವಿ ಟಿ ಕೋಶಗಳ ಮೇಲೆ ಅದೇ ಗುಂಡಿ ಇರುವುದಿಲ್ಲ ಎಂಬುದು ಪತ್ತೆಯಾದದ್ದು ವರ್ಷಗಳ ನಂತರ.

ಗೊತ್ತಿಲ್ಲದ್ದನ್ನು ಯಾರೂ ಮುಂಚೆಯೇ ತಿಳಿಯಲಾಗದು, ಅದಕ್ಕೆ ಯಾರನ್ನೂ ದೂರಲಾರೆ. ನನ್ನನ್ನು ಕಾಡುವುದು ಆ ಹತ್ತು ನಿಮಿಷ. ಮೊದಲನೆಯವನಿಗೆ ಮೈ ನಡುಗುವ ಹೊತ್ತಿಗೆ ಆರನೆಯವನಿಗೂ ಔಷಧ ಹೋಗಿ ಆಗಿತ್ತು. ಒಬ್ಬನಿಗೆ ಕೊಟ್ಟು ಆ ದಿನ ಕಾದಿದ್ದರೆ ಐವರು ಎದ್ದು ಮನೆಗೆ ಹೋಗುತ್ತಿದ್ದರು. ಬ್ರಿಟಿಷ್ ಸರ್ಕಾರ ಗಾರ್ಡನ್ ಡಫ್ ಅವರ ಮುಂದಾಳತ್ವದಲ್ಲಿ ನೇಮಿಸಿದ ತಜ್ಞರ ಗುಂಪು 2006ರ ಕೊನೆಗೆ 22 ಶಿಫಾರಸು ಕೊಟ್ಟಿತು. ಮೊದಲ ಸಲ ಮನುಷ್ಯರಿಗೆ ಕೊಡುವಾಗ ಒಬ್ಬರಿಗೆ ಕೊಟ್ಟು ಕಾಯಿರಿ ಎಂಬುದು ಅದರಲ್ಲಿ ಪ್ರಮುಖವಾದದ್ದು. ಮೊದಲ ಡೋಸನ್ನು ಪ್ರಾಣಿಗಳು ಎಷ್ಟು ತಾಳಿದವು ಎಂಬುದರಿಂದ ಮಾತ್ರ ಲೆಕ್ಕ ಹಾಕದೆ, ಮನುಷ್ಯರ ಕೋಶಗಳಲ್ಲಿ ಎಷ್ಟು ಕಡಿಮೆಗೆ ಪರಿಣಾಮ ಶುರುವಾಗುತ್ತದೆ ಎಂಬುದನ್ನೂ ನೋಡುವ ಕ್ರಮ ಬಂದದ್ದು ಅಲ್ಲಿಂದಲೇ.

ಇದಾದ ಕೆಲವು ವರ್ಷಗಳ ಬಳಿಕ ಅದೇ ಔಷಧವನ್ನು ಬೇರೆ ಹೆಸರಿನಲ್ಲಿ ರಷ್ಯಾದಲ್ಲಿ ಮತ್ತೆ ಪರೀಕ್ಷಿಸಿದರು. ಲಂಡನ್ನಿನ ಡೋಸಿನ ಸಾವಿರದ ಒಂದು ಭಾಗದಿಂದ ಶುರುಮಾಡಿ, ಮೆಲ್ಲಗೆ ಏರಿಸುತ್ತ ಹೋದರು. ಬಿರುಗಾಳಿ ಏಳಲಿಲ್ಲ. ಪತ್ರಿಕೆಗಳು ಒಮ್ಮೆ ರಾಕ್ಷಸ ಎಂದು ಕರೆದ ವಸ್ತು ಸೀಸೆಯಲ್ಲಿ ಹಾಗೇ ಇತ್ತು. ಬದಲಾದದ್ದು ಕೊಡುವವರ ಕೈಯ ತಾಳ್ಮೆ.

ಎಲ್ಲರೂ ಆ ಪಾಠವನ್ನು ಕಲಿತರೆಂದು ಹೇಳುವ ಹಾಗಿಲ್ಲ. ಹತ್ತು ವರ್ಷದ ನಂತರ, 2016ರ ಜನವರಿ 10ರ ಸಂಜೆ, ಫ್ರಾನ್ಸಿನ ರೆನ್ ನಗರದಲ್ಲಿ ಪೋರ್ಚುಗೀಸ್ ಕಂಪನಿಯೊಂದರ ಬಿಐಎ 10-2474 ಎಂಬ ಪ್ರಯೋಗದ ಔಷಧ ಸೇವಿಸುತ್ತಿದ್ದ ಸ್ವಯಂಸೇವಕರೊಬ್ಬರನ್ನು ಆಸ್ಪತ್ರೆಗೆ ಸೇರಿಸಿದರು. ಮರುದಿನ ಬೆಳಿಗ್ಗೆ, ಅವರ ಸ್ಥಿತಿ ಹೇಗಿದೆ ಎಂದು ವಿಚಾರಿಸುವ ಮೊದಲೇ, ಅದೇ ಗುಂಪಿನ ಉಳಿದ ಐವರಿಗೆ ಮುಂದಿನ ಡೋಸ್ ಕೊಟ್ಟಾಯಿತು. ಮೊದಲನೆಯವರು ಜನವರಿ 17ರಂದು ತೀರಿಕೊಂಡರು. ಉಳಿದವರಲ್ಲಿ ಕೆಲವರ ಮಿದುಳಿಗೆ ಪೆಟ್ಟಾಯಿತು. ಒಂದು ಫೋನ್ ಮಾಡಿದ್ದರೆ ಸಾಕಿತ್ತು ಎಂಬುದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಲಂಡನ್, ರೆನ್ನುಗಳಲ್ಲಿ ಮಲಗಿದ್ದವರು ಕನಿಷ್ಠ ಪಕ್ಷ ಓದಿ ಸಹಿ ಹಾಕಿದವರು. ನಮ್ಮಲ್ಲಿ ಕಥೆ ಸಹಿಯಲ್ಲೇ ಎಡವಿತು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ, ನಂತರ ಗುಜರಾತಿನ ವಡೋದರಾದಲ್ಲಿ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಶಾಲಾ ಹುಡುಗಿಯರಿಗೆ ಹಾಕುವ ಅಧ್ಯಯನ ಶುರುವಾಯಿತು. ಅಮೆರಿಕದ ಪಾಥ್ ಸಂಸ್ಥೆಯ ಜೊತೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಇತ್ತು. ಏಳು ಹುಡುಗಿಯರು ಸತ್ತ ಸುದ್ದಿ ಎದ್ದು, 2010ರ ಏಪ್ರಿಲ್‌ನಲ್ಲಿ ಅದು ನಿಂತಿತು. ಸಾವಿಗೂ ಲಸಿಕೆಗೂ ಸಂಬಂಧವಿಲ್ಲ ಎಂದು ಸರ್ಕಾರದ ತನಿಖಾ ಸಮಿತಿ ಹೇಳಿತು. ಲಸಿಕೆ ಒಳ್ಳೆಯದು ಎಂಬುದು ಲೋಕಕ್ಕೆಲ್ಲ ಗೊತ್ತಿದೆ, ನಮ್ಮ ಹೆಣ್ಣುಮಕ್ಕಳಿಗೆ ಅದು ಸಿಗಬೇಕು. ಆದರೆ ಒಪ್ಪಿಗೆ ಪತ್ರಗಳನ್ನು ತೆಗೆದು ನೋಡಿದಾಗ ಸಂಸದೀಯ ಸ್ಥಾಯಿ ಸಮಿತಿಗೆ ಕಂಡದ್ದು ಬೇರೆ. ಆಂಧ್ರದ 9,543 ಪತ್ರಗಳಲ್ಲಿ 1,948ರ ಮೇಲೆ ಹೆಬ್ಬೆಟ್ಟಿನ ಗುರುತಿತ್ತು, 2,763ಕ್ಕೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಮಗಳನ್ನು ಓದಲೆಂದು ಹಾಸ್ಟೆಲ್ಲಿಗೆ ಬಿಟ್ಟ ಬುಡಕಟ್ಟಿನ ಅವ್ವ ಅಪ್ಪನಿಗೆ ವಿಷಯವೇ ಮುಟ್ಟದೆ ಆಕೆಯ ತೋಳಿಗೆ ಸೂಜಿ ಹೋಗಿತ್ತು. ಅದರ ಫಲವಾಗಿ ಒಂದು ಒಳ್ಳೆಯ ಲಸಿಕೆಯ ಮೇಲೆ ನಮ್ಮ ದೇಶದಲ್ಲಿ ವರ್ಷಗಟ್ಟಲೆ ಅನುಮಾನ ಉಳಿಯಿತು. ಇದು ನನಗೆ ಬಹಳ ಮುಖ್ಯ. ಔಷಧ ಕೆಟ್ಟದ್ದಲ್ಲದಿದ್ದರೂ, ಕೇಳದೆ ಕೊಟ್ಟರೆ ಜನರ ಕಣ್ಣಲ್ಲಿ ಅದು ಹೈಡ್ ಆಗಿಬಿಡುತ್ತದೆ.

ಇಂಥ ದೂರುಗಳು ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2013ರಿಂದ ನಿಯಮಗಳು ಬಿಗಿಯಾದವು. 2019ರ ಮಾರ್ಚ್‌ನಲ್ಲಿ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್‌ಗಳ ನಿಯಮಾವಳಿ ಜಾರಿಗೆ ಬಂತು. ಓದು ಬಾರದವರಿಗೆ ವಿವರಿಸುವಾಗ ಸಂಬಂಧವಿಲ್ಲದ ಮೂರನೆಯವರು ಸಾಕ್ಷಿಯಾಗಿ ಪೂರ್ತಿ ಕೂತಿರಬೇಕು. ಹೊಚ್ಚ ಹೊಸ ಔಷಧವಾಗಿದ್ದು, ಸೇರುವವರು ಅಸಹಾಯಕ ವರ್ಗದವರಾಗಿದ್ದರೆ ಒಪ್ಪಿಗೆಯ ಮಾತುಕತೆಯನ್ನು ವಿಡಿಯೊ ಮಾಡಬೇಕು. ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ವರದಿ ಹೋಗಬೇಕು. ಎಥಿಕ್ಸ್ ಕಮಿಟಿಯಲ್ಲಿ ಏಳು ಜನರಿಗೆ ಕಡಿಮೆ ಇರಬಾರದು. ಅವರಲ್ಲಿ ಒಬ್ಬ ಮಹಿಳೆ, ಒಬ್ಬ ಕಾನೂನು ತಿಳಿದವರು, ಒಬ್ಬ ಸಾಮಾನ್ಯ ಪ್ರಜೆ ಬೇಕೇ ಬೇಕು, ಅರ್ಧದಷ್ಟು ಜನ ಆ ಸಂಸ್ಥೆಯ ಹೊರಗಿನವರಿರಬೇಕು.

ಪರಿಹಾರಕ್ಕೂ ಸೂತ್ರವಿದೆ. 8 ಲಕ್ಷ ರೂಪಾಯಿಯನ್ನು ವಯಸ್ಸಿನ ಅಂಶದಿಂದ ಮತ್ತು ಸೇರುವಾಗಿನ ಆರೋಗ್ಯಕ್ಕೆ ಕೊಟ್ಟ ಅಂಕದಿಂದ ಗುಣಿಸಿ, 99.37ರಿಂದ ಭಾಗಿಸಬೇಕು. ಆರೋಗ್ಯದ ಅಂಕ ಅರ್ಧದಿಂದ ನಾಲ್ಕರವರೆಗೆ. ಸಾವು ಹತ್ತಿರವಿರುವ ರೋಗಿಗೆ ಅರ್ಧ, ಗಟ್ಟಿಮುಟ್ಟಾದವರಿಗೆ ನಾಲ್ಕು. ಚಿಕ್ಕವ್ವನಿಗೆ ಅರವತ್ತಾರು ವರ್ಷ. ಪ್ರಯೋಗದಿಂದಲೇ ಆಕೆಯ ಜೀವ ಹೋದರೆ ಲೆಕ್ಕ 4 ಲಕ್ಷದಿಂದ 32 ಲಕ್ಷದ ನಡುವೆ ಎಲ್ಲೋ ನಿಲ್ಲುತ್ತದೆ. ಆಕೆಯ ಎದುರಿಗೇ ಕೂತು ಈ ಗುಣಾಕಾರ ಮಾಡುವಾಗ ನನ್ನ ಪೆನ್ನು ಮುಂದೆ ಹೋಗಲಿಲ್ಲ. ಹೈಡ್ ಕೊಟ್ಟ ಚೆಕ್ಕಿಗಿಂತ ಇದು ಖಂಡಿತ ಉತ್ತಮ, ಯಾಕೆಂದರೆ ಬೀದಿಯ ಜನ ಸೇರಿ ಹೆದರಿಸದೆಯೂ ಇದನ್ನು ಕೊಡಲೇಬೇಕು. ಆದರೆ ಮುದುಕರಿಗೂ ಕಾಯಿಲೆಯವರಿಗೂ ಬೆಲೆ ಕಡಿಮೆ ಎಂದು ಸೂತ್ರವೇ ಹೇಳುತ್ತಿದೆ, ಟ್ರಯಲ್‌ಗಳಿಗೆ ಹೆಚ್ಚಾಗಿ ಬೇಕಾಗುವವರು ಅವರೇ.

ಈ ವಿಷಯ ಈಗ ಯಾಕೆ ಎಂದು ಕೇಳಬಹುದು. 2025ರ ಆಗಸ್ಟ್ ಕೊನೆಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಈ ನಿಯಮಗಳಿಗೆ ತಿದ್ದುಪಡಿಯ ಕರಡು ಹೊರಡಿಸಿತು. ಪರೀಕ್ಷೆಗೆಂದು ಔಷಧ ತಯಾರಿಸಲು ಬೇಕಿದ್ದ ಟೆಸ್ಟ್ ಲೈಸೆನ್ಸಿನ ಬದಲು ಹೆಚ್ಚು ಅಪಾಯದ ಕೆಲವನ್ನು ಬಿಟ್ಟು ಉಳಿದವಕ್ಕೆ ತಿಳಿಸಿದರೆ ಸಾಕು, ಲೈಸೆನ್ಸ್ ಬೇಕಾದಲ್ಲಿ ಗಡುವು 90 ದಿನದಿಂದ 45ಕ್ಕೆ ಇಳಿಕೆ, ಕೆಲವು ಬಗೆಯ ಬಯೊಈಕ್ವಿವೆಲೆನ್ಸ್ ಅಧ್ಯಯನಗಳಿಗೂ ಮುಂಚಿತ ಅನುಮತಿ ಬೇಡ ಎಂಬುದು ಅದರ ಸಾರ. ಬಯೊಈಕ್ವಿವೆಲೆನ್ಸ್ ಎಂದರೆ ಜೆನೆರಿಕ್ ಔಷಧ ಮೂಲ ಔಷಧದಷ್ಟೇ ರಕ್ತಕ್ಕೆ ಸೇರುತ್ತದೆಯೇ ಎಂದು ಆರೋಗ್ಯವಂತರಲ್ಲಿ ನೋಡುವ ಪರೀಕ್ಷೆ. ಬೆಂಗಳೂರು, ಹೈದರಾಬಾದ್, ಅಹಮದಾಬಾದ್‌ಗಳಲ್ಲಿ ಇದಕ್ಕೆ ಕೇಂದ್ರಗಳಿವೆ. ಒಳಗೆ ಉಳಿಸಿಕೊಂಡು, ಗುಳಿಗೆ ನುಂಗಿಸಿ, ಗಂಟೆಗಂಟೆಗೆ ರಕ್ತ ತೆಗೆಯುತ್ತಾರೆ, ಹೋಗುವಾಗ ದುಡ್ಡು ಕೊಡುತ್ತಾರೆ.

ಕಡತಗಳು ಬೇಗ ಸಾಗುವುದಕ್ಕೆ ನನ್ನ ವಿರೋಧವಿಲ್ಲ. ಒಳ್ಳೆಯ ಔಷಧ ಮೂರು ತಿಂಗಳು ತಡವಾದರೆ ಅದರಿಂದಲೂ ಜೀವ ಹೋಗುತ್ತದೆ, ಚಿಕ್ಕವ್ವನ ಬೆರಳಿಗೆ ಕಾಯುವ ಪುರುಸೊತ್ತಿಲ್ಲ. ಗೊತ್ತಿರುವ ಔಷಧದ ಜೆನೆರಿಕ್ ಪರೀಕ್ಷೆಯಲ್ಲಿ ಅಪಾಯ ಕಡಿಮೆ ಎಂಬುದೂ ಸರಿ. ನನ್ನ ಚಿಂತೆ ಬೇರೆ. ಲಂಡನ್ನಿನಲ್ಲಾಗಲಿ, ರೆನ್ನಿನಲ್ಲಾಗಲಿ, ಖಮ್ಮಂನಲ್ಲಾಗಲಿ ಅನುಮತಿಯ ಕಾಗದ ಇಲ್ಲದೆ ಏನೂ ನಡೆದಿರಲಿಲ್ಲ. ಸೋತದ್ದು ಹಾಸಿಗೆಯ ಪಕ್ಕದಲ್ಲಿ, ಹಾಸ್ಟೆಲ್ಲಿನ ಕೋಣೆಯಲ್ಲಿ. ಕಚೇರಿಯ ಮೇಜಿನಲ್ಲಿ ಉಳಿಸಿದ 45 ದಿನದಲ್ಲಿ ಸ್ವಲ್ಪವನ್ನಾದರೂ ಟ್ರಯಲ್ ನಡೆಯುವ ಜಾಗಕ್ಕೆ ಹೋಗಿ ಬಾಗಿಲು ತಟ್ಟುವುದಕ್ಕೆ ಬಳಸುತ್ತಾರೆಯೇ? ಎಥಿಕ್ಸ್ ಕಮಿಟಿಯ ಹೊರಗಿನ ಸದಸ್ಯರು ಸೇರಿದವರ ಜೊತೆ ಕೂತು ಅವರದೇ ಮಾತಿನಲ್ಲಿ ವಿಚಾರಿಸುತ್ತಾರೆಯೇ? ಕನ್ನಡದ ಒಪ್ಪಿಗೆ ಪತ್ರವನ್ನು ಹಳ್ಳಿಯ ಒಬ್ಬ ಹೆಂಗಸಿಗೆ ಓದಿ ಹೇಳಿ, ಆಕೆಗೆ ತಿಳಿಯಿತು ಎಂದಾದ ಮೇಲೆಯೇ ಅಚ್ಚು ಹಾಕಬೇಕು ಎಂಬ ನಿಯಮ ಯಾಕೆ ಇರಬಾರದು?

ನಮ್ಮ ಪತ್ರದ ಕೊನೆಯ ಪುಟದಲ್ಲಿ ಎರಡು ಫೋನ್ ನಂಬರ್ ಇದ್ದವು, ಒಂದು ವೈದ್ಯರದು, ಇನ್ನೊಂದು ಎಥಿಕ್ಸ್ ಕಮಿಟಿಯದು. ಸೋಮವಾರ, ಮಂಗಳವಾರ, ಬುಧವಾರ ಎರಡನೆಯದಕ್ಕೆ ಮಾಡಿದೆ. ಯಾರೂ ಎತ್ತಲಿಲ್ಲ. ಗುರುವಾರ ಎತ್ತಿದ ಹುಡುಗ ನಮ್ಮ ನಂಬರ್ ಬರೆದುಕೊಂಡ. ಅಂದು ಸಂಜೆಯೇ ಕಮಿಟಿಯ ಸದಸ್ಯೆ, ವೃತ್ತಿಯಿಂದ ವಕೀಲರಾದ ಒಬ್ಬ ಹೆಂಗಸು, ತಾವಾಗಿಯೇ ಫೋನ್ ಮಾಡಿದರು. ನಾನು ಸ್ಪೀಕರ್ ಹಾಕಿ ಚಿಕ್ಕವ್ವನ ಮುಂದೆ ಇಟ್ಟೆ.

“ನಡಕ್ಕ ಬಿಟ್ಟ ಬರಬಹುದೇನ್ರಿ ಬಾಯಾರ?”

“ಯಾವಾಗ ಬೇಕಾದ್ರೂ ಬರಬಹುದು ಅವ್ವಾ. ಕಾರಣ ಹೇಳೂದೂ ಬ್ಯಾಡ.”

“ಬಿಟ್ಟ ಬಂದ್ರ ಮೊದಲಿನ ಔಷಧಾ ಕೊಡೂದು ಬಂದ್ ಮಾಡತಾರೇನು?”

“ಇಲ್ಲ. ಹಂಗ ಮಾಡಿದ್ರ ನಮಗ ಫೋನ್ ಹಚ್ರಿ.”

“ಮೈ ಬಾತರ ಯಾರ ನೋಡತಾರ?”

ಈ ಪ್ರಶ್ನೆಗೆ ಆಕೆ ಸುಮಾರು ಹತ್ತು ನಿಮಿಷ ಉತ್ತರಿಸಿದರು. ಈ ಔಷಧವನ್ನು ಇದಕ್ಕಿಂತ ಮುಂಚೆ ಎಷ್ಟು ಜನ ತೆಗೆದುಕೊಂಡಿದ್ದಾರೆ, ಮೊದಲ ಇಂಜೆಕ್ಷನ್ ಆದ ಮೇಲೆ ಎಷ್ಟು ಹೊತ್ತು ಆಸ್ಪತ್ರೆಯಲ್ಲೇ ಕೂರಿಸಿಕೊಳ್ಳುತ್ತಾರೆ, ರಾತ್ರಿ ಜ್ವರ ಬಂದರೆ ಯಾರಿಗೆ ಹೇಳಬೇಕು, ಖರ್ಚು ಯಾರದು ಎಂದು ಒಂದೊಂದಾಗಿ. ಹದಿನಾರು ಪುಟದಲ್ಲಿ ಇದೆಲ್ಲ ಬರೆದೇ ಇತ್ತು.

ಮರುವಾರ ಹೋದಾಗ ಟ್ರಯಲ್ ನೋಡಿಕೊಳ್ಳುವ ಹುಡುಗಿ ಅಭ್ಯಾಸಬಲದಿಂದ ಶಾಯಿಯ ಡಬ್ಬಿಯನ್ನು ಮುಂದೆ ಸರಿಸಿದಳು. ಚಿಕ್ಕವ್ವ ಅದನ್ನು ಪಕ್ಕಕ್ಕಿಟ್ಟು ಪೆನ್ನು ಕೇಳಿದಳು. ಮೂರನೇ ಇಯತ್ತೆವರೆಗೆ ಓದಿದವಳು. ಬೆರಳು ಪೂರ್ತಿ ಮಡಚುವುದಿಲ್ಲವಾದ್ದರಿಂದ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಒಂದೊಂದೇ ಅಕ್ಷರ ಮೂಡಿಸಿ, ಕೆಳಗೆ ತಾರೀಖನ್ನೂ ತಾನೇ ಬರೆದಳು. ತನ್ನ ಪಾಲಿನ ಪ್ರತಿಯನ್ನು ಕೇಳಿ ಪಡೆದು, ರೇಷನ್ ಕಾರ್ಡ್ ಇಟ್ಟುಕೊಳ್ಳುವ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಇಟ್ಟಳು.